ಅಫರ್ವತ್‌ನಿಂದ ಟಂಗ್‌ಮಾರ್ಗ್‌ವರೆಗೆ: ಒಂದು ಫ್ರೀರೈಡ್ ಬೋರ್ಡ್, ಹಲವು ಬಗೆಯ ಹಿಮ

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಗೊಂಡೊಲಾ ಎಂಬ ಕೇಬಲ್ ಕಾರ್‌ನ ಎರಡನೇ ಹಂತದ ಮೇಲಿನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಮುಖಕ್ಕೆ ರಾಚುವುದು ಗಾಳಿ. ಅಲ್ಲಿನ ಎತ್ತರ ಸುಮಾರು 3,950 ಮೀಟರ್. ಕೆಳಗಿನಿಂದ ಬೆಣ್ಣೆಯ ಮುದ್ದೆಯಂತೆ ಕಂಡಿದ್ದ ಅಫರ್ವತ್ ಬೆಟ್ಟದ ಏಣು ಹತ್ತಿರಕ್ಕೆ ಹೋದರೆ ಬೇರೆಯೇ ಆಗಿರುತ್ತದೆ. ಮೇಲಿನ ಪುಡಿಯನ್ನೆಲ್ಲ ಗಾಳಿ ಗುಡಿಸಿಕೊಂಡು ಹೋಗಿ, ಉತ್ತ ಹೊಲದ ಸಾಲುಗಳಂಥ ಗಟ್ಟಿ ಮೈಯನ್ನು ಮಾತ್ರ ಉಳಿಸಿರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗಿಳಿದರೆ ಮೊಣಕಾಲುದ್ದದ, ಹಿಟ್ಟಿನಂಥ ಹಿಮ. ಇನ್ನಷ್ಟು ಇಳಿದರೆ ಬೆಳಗ್ಗಿನಿಂದ ನೂರಾರು ಜನ ಓಡಾಡಿ ಕದಡಿಬಿಟ್ಟ ಹಿಮ. ಆಮೇಲೆ ದೇವದಾರು ಜಾತಿಯ ಮರಗಳ ಕಾಡು. ಕಾಡು ಮುಗಿದು ಸುಮಾರು 2,150 ಮೀಟರ್ ಎತ್ತರದ ಟಂಗ್‌ಮಾರ್ಗ್ ಹತ್ತಿರವಾಗುವಾಗ ಕಾಲಿಗೆ ಸಿಗುವುದು ನೀರು ಕುಡಿದು ಭಾರವಾದ ಹಿಮ. ಒಂದೇ ಇಳಿತ, ಐದು ಬಗೆಯ ನೆಲ.

ಫ್ರೀರೈಡ್ ಸ್ನೋಬೋರ್ಡ್ ಎಂದಾಕ್ಷಣ ಎಲ್ಲರ ಕಣ್ಣಿಗೆ ಬರುವುದು ಎರಡನೆಯ ನೆಲ ಮಾತ್ರ. ನೀಲಿ ಆಕಾಶ, ಎದೆಮಟ್ಟಕ್ಕೆ ಚಿಮ್ಮುವ ಬಿಳಿ ಪುಡಿ, ಅದರ ನಡುವೆ ಒಬ್ಬ ಸವಾರ. ಅಂಗಡಿಯವರು ತೋರಿಸುವುದೂ ಆ ಚಿತ್ರವನ್ನೇ. ಕೆಲವು ಚಳಿಗಾಲ ಒಂದೇ ಬೋರ್ಡ್ ಹಿಡಿದು ಆ ಬೆಟ್ಟ ಇಳಿದ ಮೇಲೆ ನನಗೆ ಅನಿಸಿರುವುದು ಬೇರೆ. ಒಳ್ಳೆಯ ಹಿಮದಲ್ಲಿ ಬಹುತೇಕ ಎಲ್ಲ ಬೋರ್ಡ್‌ಗಳೂ ಸುಖ ಕೊಡುತ್ತವೆ. ಅಂದಿನ ಇಳಿತದಲ್ಲಿ ಎದುರಾಗುವ ಅತಿ ಕೆಟ್ಟ ಹಿಮದಲ್ಲಿ ಅದು ನಿಮ್ಮನ್ನು ಹೇಗೆ ಕಾಯುತ್ತದೆ ಎಂಬುದನ್ನು ನೋಡಿ ಬೋರ್ಡ್ ಆರಿಸಬೇಕು. ಹಾಗಾಗಿ ಮೇಲಿನಿಂದ ಕೆಳಗಿನವರೆಗೆ, ನೆಲ ಬದಲಾದಂತೆ ಈ ಬೋರ್ಡ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಹಲಗೆಯ ರೂಪ

ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ 1965ರ ಕ್ರಿಸ್‌ಮಸ್ ದಿನ ಶೆರ್ಮನ್ ಪಾಪೆನ್ ಎಂಬಾತ ಎರಡು ಸ್ಕೀಗಳನ್ನು ಜೋಡಿಸಿ ತನ್ನ ಹೆಣ್ಣುಮಕ್ಕಳಿಗೆ ಆಡಲು ಕೊಟ್ಟ. ಅದೇ ‘ಸ್ನರ್ಫರ್’ ಹೆಸರಿನ ಆಟಿಕೆಯಾಯಿತು, ಇಂದಿನ ಸ್ನೋಬೋರ್ಡ್‌ನ ಪೂರ್ವಜ. ಎಪ್ಪತ್ತರ ದಶಕದಲ್ಲಿ ಯೂಟಾದ ಡಿಮಿಟ್ರಿಯೆ ಮಿಲೊವಿಚ್ ಆಳವಾದ ಹಿಮಕ್ಕೆಂದೇ ಕವಲುಬಾಲದ ಬೋರ್ಡ್‌ಗಳನ್ನು ಮಾಡಿದ. 1977ರಲ್ಲಿ ವರ್ಮಾಂಟ್‌ನಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ತನ್ನ ಸ್ನೋಬೋರ್ಡ್ ಕಾರ್ಖಾನೆ ಆರಂಭಿಸಿದ. 1998ರ ನಗಾನೊ ಒಲಿಂಪಿಕ್ಸ್ ಹೊತ್ತಿಗೆ ಸ್ನೋಬೋರ್ಡಿಂಗ್ ಪದಕದ ಕ್ರೀಡೆಯಾಗಿತ್ತು. ಅಷ್ಟರಲ್ಲಿ ಬೋರ್ಡ್‌ಗಳ ವಂಶವೂ ಕವಲೊಡೆದಿತ್ತು. ಜಿಗಿತ, ಕಸರತ್ತುಗಳಿಗೆ ಮೆದುವಾದ, ಎರಡೂ ತುದಿ ಒಂದೇ ಆಕಾರದ ಫ್ರೀಸ್ಟೈಲ್ ಬೋರ್ಡ್. ಎಲ್ಲದಕ್ಕೂ ಒದಗುವ ಆಲ್‌ಮೌಂಟನ್ ಬೋರ್ಡ್. ಯಂತ್ರ ಮುಟ್ಟದ ಬೆಟ್ಟಕ್ಕೆ ಫ್ರೀರೈಡ್ ಬೋರ್ಡ್.

ಫ್ರೀರೈಡ್ ಬೋರ್ಡ್‌ಗೆ ಮುಂದು ಹಿಂದು ಎಂಬುದು ಸ್ಪಷ್ಟ. ಮೂತಿ ಉದ್ದ, ಅಗಲ, ದೋಣಿಯ ಮೂತಿಯಂತೆ ಮೇಲಕ್ಕೆ ಎದ್ದಿರುತ್ತದೆ. ಈ ಏಳುವಿಕೆಗೆ ರಾಕರ್ ಎನ್ನುತ್ತಾರೆ. ಎರಡು ಪಾದಗಳ ನಡುವಿನ ಭಾಗ ಕ್ಯಾಂಬರ್: ಬೋರ್ಡನ್ನು ಸಮನೆಲದಲ್ಲಿಟ್ಟರೆ ನಡುಭಾಗ ಬಿಲ್ಲಿನಂತೆ ಕಮಾನಾಗಿ ನೆಲ ಬಿಟ್ಟು ನಿಲ್ಲುತ್ತದೆ, ಮೇಲೆ ನಿಂತಾಗ ಆ ಕಮಾನು ಚಪ್ಪಟೆಯಾಗಿ ಅಂಚುಗಳನ್ನು ಹಿಮಕ್ಕೆ ಒತ್ತುತ್ತದೆ. ಬಾಲ ಮೂತಿಗಿಂತ ಕಿರಿದು. ನನ್ನ 159 ಸೆಂಟಿಮೀಟರ್ ಬೋರ್ಡ್‌ನಲ್ಲಿ ಈ ವ್ಯತ್ಯಾಸ 10 ಮಿಲಿಮೀಟರ್. ಕಾಲುಗಳನ್ನು ಬಿಗಿಯುವ ಬೈಂಡಿಂಗ್‌ಗಳು ಬೋರ್ಡ್‌ನ ನಡುವಿಗಿಂತ ಎರಡು ಸೆಂಟಿಮೀಟರ್ ಹಿಂದಿವೆ. ಬೋರ್ಡ್ ಬಿಗುವಾಗಿದೆ, ಮಂಡಿಗೆ ಆನಿಸಿ ಬಾಗಿಸಲು ಹೋದರೆ ಸುಲಭಕ್ಕೆ ಮಣಿಯುವುದಿಲ್ಲ. ಕೇಳಲು ಸಣ್ಣ ಅಳತೆಗಳು. ಹಿಮದಲ್ಲಿ ಒಂದೊಂದು ಮಿಲಿಮೀಟರ್‌ಗೂ ಕೆಲಸವಿದೆ.

ಏಣಿನ ಗಟ್ಟಿ ಹಿಮ

ಮೇಲಿನ ಏಣಿನಲ್ಲಿ ಗಾಳಿಯೇ ಯಜಮಾನ. ಒಂದು ಮಗ್ಗುಲಿನ ಹಿಮವನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಸುರಿಯುತ್ತದೆ. ಎತ್ತಿಕೊಂಡು ಹೋದ ಕಡೆ ಗಟ್ಟಿ ಮೈ, ಅಲ್ಲಲ್ಲಿ ತಲೆ ಹಾಕಿದ ಕಲ್ಲು. ಫ್ರೀರೈಡ್ ಬೋರ್ಡ್‌ನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು, ಎರಡೂ ನಿಜ.

ಬಿಗುವಾದ ಬೋರ್ಡ್ ಗಟ್ಟಿ ಹಿಮದ ಅಲೆಗಳ ಮೇಲೆ ಕಡಿಮೆ ಅದುರುತ್ತದೆ. ಮೆದು ಬೋರ್ಡ್ ಪ್ರತಿ ಸಾಲಿಗೂ ಬಾಗಿ, ಎದ್ದು, ಕಾಲನ್ನು ಕಿತ್ತೆಸೆಯುವಂತೆ ಆಡುತ್ತದೆ. ಕಡಿದಾದ ಜಾಗದಲ್ಲಿ ಅಂಚಿನ ಮೇಲೆ ನಿಂತಾಗ ಪಾದದಿಂದ ಪಾದದವರೆಗೆ ಕ್ಯಾಂಬರ್ ಕೊಡುವ ಹಿಡಿತ ನಂಬಿಕೆ ಹುಟ್ಟಿಸುತ್ತದೆ. ಇದು ಒಂದು ಮಾತು. ಇನ್ನೊಂದು: ಮೂತಿಯೂ ಬಾಲದ ಕೊನೆಯೂ ಮೇಲೆದ್ದಿರುವುದರಿಂದ ಬೋರ್ಡ್‌ನ ಪೂರ್ತಿ ಉದ್ದ ಹಿಮಕ್ಕೆ ತಾಗುವುದಿಲ್ಲ. ಮಂಜುಗಡ್ಡೆಯ ಮೇಲೆ 159ರ ಬೋರ್ಡ್ ತನಗಿಂತ ಗಿಡ್ಡ ಬೋರ್ಡ್‌ನಂತೆ ವರ್ತಿಸುತ್ತದೆ. ಬಾಲ ಕಿರಿದಾದ ಕಾರಣ ತಿರುವಿನ ಕೊನೆಯಲ್ಲಿ ಹಿಡಿತ ಬೇಗ ಸಡಿಲವಾಗುತ್ತದೆ. ಪೂರ್ತಿ ಕ್ಯಾಂಬರ್ ಇರುವ ಬೋರ್ಡ್‌ನಿಂದ ಇದಕ್ಕೆ ಬಂದವರಿಗೆ ಮೊದಲ ದಿನ ಹಿಂಗಾಲು ಜಾರಿದಂತೆ ಆಗುವುದು ಇದರಿಂದಲೇ.

ಇದಕ್ಕೆ ಮಾಡಬೇಕಾದ್ದು ಸರಳ. ಮೈಭಾರ ಎರಡು ಕಾಲಿಗೂ ಸಮ. ಮಂಡಿ ಸಡಿಲ. ಬೆಟ್ಟದ ಕಡೆಗೆ ವಾಲಬೇಡಿ. ಹೆದರಿದ ಮೈ ತಾನಾಗಿಯೇ ಆ ಕಡೆ ವಾಲುತ್ತದೆ, ವಾಲಿದ ಕೂಡಲೇ ಅಂಚಿನ ಮೇಲಿನ ಒತ್ತಡ ತಪ್ಪುತ್ತದೆ. ಸಾಲುಗಳ ಮೇಲೆ ತಿರುಗಿಸಲು ಒದ್ದಾಡುವುದಕ್ಕಿಂತ ಹಿಮ್ಮಡಿ ಅಂಚಿನಲ್ಲಿ ಮೆಲ್ಲಗೆ ಜಾರಿ ಮೆತ್ತನೆಯ ಜಾಗ ತಲುಪುವುದು ಮೇಲು. ಅಂಚು ಹರಿತವಾಗಿರಬೇಕು. ಏಣಿನ ಕಲ್ಲು ತಾಗಿ ಅಂಚಿನಲ್ಲಿ ಏಳುವ ಗರಗಸದಂಥ ಮುಳ್ಳನ್ನು ಉಜ್ಜಿ ತೆಗೆಯಲು ಜೇಬಿನಲ್ಲಿ ಒಂದು ಪುಟ್ಟ ಸಾಣೆಕಲ್ಲು ಇಟ್ಟುಕೊಳ್ಳುವುದು ನನ್ನ ರೂಢಿ.

ಹಿಟ್ಟಿನಂಥ ಹಿಮ

ಈಗ ಎಲ್ಲರೂ ಕಾದಿರುವ ನೆಲ. ಕಾಶ್ಮೀರಿಗಳು ಹಿಮವನ್ನು ‘ಶೀನ್’ ಎನ್ನುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಅವರ ಪಾಲಿಗೆ ಚಿಲ್ಲೈ ಕಲಾನ್, ಚಳಿಗಾಲದ ಅತಿ ಕಟುವಾದ ಅವಧಿ. ಮೆಡಿಟರೇನಿಯನ್ ಕಡೆಯಿಂದ ಬರುವ ಮಾರುತಗಳು, ಅಂದರೆ ಹವಾಮಾನ ಇಲಾಖೆಯವರು ಪಶ್ಚಿಮದ ಪ್ರಕ್ಷುಬ್ಧತೆ ಎಂದು ಕರೆಯುವ ವ್ಯವಸ್ಥೆಗಳು, ಪೀರ್ ಪಂಜಾಲ್ ಸಾಲಿಗೆ ತಾಗಿ ಹಿಮ ಇಳಿಸುತ್ತವೆ. ಚಳಿ ಹೆಚ್ಚಿರುವಾಗ ಬಿದ್ದ ಹಿಮ ಒಣ, ಹಗುರ. ಆಗ ತಾನೇ ಬಿದ್ದ ಒಣಹಿಮ ಒಂದು ಘನ ಮೀಟರ್‌ಗೆ ಸುಮಾರು 50ರಿಂದ 100 ಕಿಲೊ ತೂಗುತ್ತದೆ. ಅಷ್ಟೇ ನೀರು ಸಾವಿರ ಕಿಲೊ. ಉಳಿದದ್ದೆಲ್ಲ ಗಾಳಿ. ಬೋರ್ಡ್ ಇಲ್ಲದೆ ನಿಂತರೆ ಸೊಂಟದವರೆಗೆ ಹೂತುಹೋಗುವ ಆ ಗಾಳಿತುಂಬಿದ ರಾಶಿಯ ಮೇಲೆ ಹಲಗೆ ತೇಲುವುದು ಹೇಗೆ?

ನಮ್ಮ ಕರಾವಳಿಯ ಕಂಬಳ ನೋಡಿದವರಿಗೆ ಇದನ್ನು ಬೇಗ ವಿವರಿಸಬಹುದು. ಅಡ್ಡಹಲಗೆಯ ಓಟದಲ್ಲಿ ಕೋಣ ಓಡಿಸುವವರು ಹಲಗೆಯ ಮೇಲೆ ನಿಂತಿರುತ್ತಾರೆ. ಕೋಣ ನಿಂತಿದ್ದಾಗ ಹಲಗೆ ಕೆಸರಿನಲ್ಲಿ ಕೂತಿರುತ್ತದೆ. ಓಟ ಕಟ್ಟಿದ ಮೇಲೆ ಅದೇ ಹಲಗೆ ಕೆಸರುನೀರಿನ ಮೈಮೇಲೆ ಜಾರುತ್ತದೆ. ಹಿಮದಲ್ಲೂ ಹಾಗೆಯೇ. ವೇಗವೇ ತೇಲಿಸುತ್ತದೆ. ಮುಂದಕ್ಕೆ ಹೋಗುವ ಹಲಗೆ ಎದುರಿನ ಹಿಮವನ್ನು ಕೆಳಕ್ಕೆ ಒತ್ತುತ್ತದೆ, ಒತ್ತಿಸಿಕೊಂಡ ಹಿಮ ಹಲಗೆಯನ್ನು ಮೇಲಕ್ಕೆ ಎತ್ತುತ್ತದೆ. ಮೂತಿ ಮೇಲೆದ್ದಿದ್ದರೆ ಮಾತ್ರ ಈ ಕೆಲಸ ನಡೆಯುವುದು. ಮೂತಿ ಒಳಗೆ ಹೊಕ್ಕರೆ ಸವಾರ ತಲೆಕೆಳಗು.

ಫ್ರೀರೈಡ್ ಬೋರ್ಡ್‌ನ ಮಿಲಿಮೀಟರ್‌ಗಳೆಲ್ಲ ಒಟ್ಟಾಗಿ ದುಡಿಯುವುದು ಇಲ್ಲೇ. ಅಗಲವಾದ ಮೂತಿಗೆ ಹೆಚ್ಚು ಆಸರೆ ಸಿಗುತ್ತದೆ, ಕಿರಿದಾದ ಬಾಲ ತುಸು ಮುಳುಗುತ್ತದೆ, ಹಿಂದೆ ಸರಿಸಿದ ಕಾಲುಗಳು ಭಾರವನ್ನು ತಾವಾಗಿಯೇ ಹಿಂದಕ್ಕೆ ಒಯ್ಯುತ್ತವೆ. ಸಾಮಾನ್ಯ ಬೋರ್ಡ್‌ನಲ್ಲಿ ಮೂತಿ ಎತ್ತಿ ಹಿಡಿಯಲು ಹಿಂಗಾಲಿನ ಮೇಲೆ ಕೂತಂತೆ ಸವಾರಿ ಮಾಡಬೇಕು. ಅರ್ಧ ಗಂಟೆಯಲ್ಲಿ ತೊಡೆ ಉರಿಯಲು ತೊಡಗುತ್ತದೆ. ಫ್ರೀರೈಡ್ ಬೋರ್ಡ್‌ನ ಮೇಲೆ ನೇರವಾಗಿ, ಸಮಭಾರದಲ್ಲಿ ನಿಂತರೆ ಸಾಕು. ಹಳಬರು ಹೇಳಿಕೊಟ್ಟ ‘ಹಿಂಗಾಲಿಗೆ ಭಾರ ಹಾಕು’ ಎಂಬ ಪಾಠವನ್ನು ಈ ಬೋರ್ಡ್‌ನ ಮೇಲೆ ಅರ್ಧ ಮರೆಯಬೇಕು. ಅತಿಯಾಗಿ ಹಿಂದಕ್ಕೆ ಕೂತರೆ ಬೋರ್ಡ್ ಮುಂಗಾಲಿನ ಮಾತು ಕೇಳುವುದಿಲ್ಲ.

ತಿರುವು ಕೂಡ ಬೇರೆ. ಗಟ್ಟಿ ನೆಲದಲ್ಲಿ ಅಂಚು ಕಡಿಯುತ್ತದೆ. ಆಳದ ಹಿಮದಲ್ಲಿ ಕಡಿಯಲು ಏನೂ ಇಲ್ಲ. ಬೋರ್ಡ್‌ನ ಇಡೀ ತಳವನ್ನು ತುಸು ಓರೆ ಮಾಡಿ, ದೋಣಿಯ ಚುಕ್ಕಾಣಿ ತಿರುಗಿಸಿದಷ್ಟೇ ನಿಧಾನವಾಗಿ ಬಾಗಬೇಕು. ಮಂಡಿ ಒತ್ತಿ, ಬಿಡಿ, ಒತ್ತಿ, ಬಿಡಿ. ಬಿಟ್ಟಾಗ ಬೋರ್ಡ್ ತಾನಾಗಿ ಮೇಲೆ ತೇಲಿ ಬರುತ್ತದೆ, ಅದೇ ಮುಂದಿನ ತಿರುವಿನ ಮುಹೂರ್ತ. ಈ ಲಯ ಸಿಕ್ಕ ಕ್ಷಣದಲ್ಲಿ ಸದ್ದೇ ಇರುವುದಿಲ್ಲ. ಬೆಟ್ಟ ಉಸಿರು ಹಿಡಿದಂತೆ ಇರುತ್ತದೆ. ಇಷ್ಟು ದೂರ, ಇಷ್ಟು ಖರ್ಚು ಮಾಡಿ ನಾನು ಮತ್ತೆ ಮತ್ತೆ ಹೋಗುವುದು ಆ ಕೆಲವು ನಿಮಿಷಗಳಿಗಾಗಿ.

ಒಂದು ಎಚ್ಚರ. ಆಳದ ಹಿಮದಲ್ಲಿ ಇಳಿಜಾರು ಕಡಿಮೆಯಾದ ಕಡೆ ನಿಲ್ಲಬೇಡಿ, ಕೂರಲೇಬೇಡಿ. ವೇಗ ಸತ್ತ ಕೂಡಲೇ ಬೋರ್ಡ್ ಮುಳುಗುತ್ತದೆ. ಕೈಯೂರಿ ಏಳಲು ಹೋದರೆ ತೋಳಿನವರೆಗೆ ಹಿಮ, ಊರಲು ನೆಲವೇ ಸಿಗುವುದಿಲ್ಲ. ಆ ಎತ್ತರದ ತೆಳು ಗಾಳಿಯಲ್ಲಿ ಹೀಗೆ ಎರಡು ಸಲ ಒದ್ದಾಡಿದರೆ ಅಂದಿನ ಶಕ್ತಿ ಮುಗಿಯಿತು.

ಕದಡಿದ ಹಿಮ, ದಿಬ್ಬಗಳು, ಹದಗೊಳಿಸಿದ ಹಾದಿ

ಮಧ್ಯಾಹ್ನದ ಹೊತ್ತಿಗೆ ಗೊಂಡೊಲಾದ ಕೆಳಗಿನ ವಿಶಾಲ ಬೋಗುಣಿಯಂಥ ಜಾಗದಲ್ಲಿ ಯಾರೂ ಮುಟ್ಟದ ಹಿಮ ಉಳಿದಿರುವುದಿಲ್ಲ. ಒಂದರ ಮೇಲೊಂದು ಹಾದ ಗೀರುಗಳು, ನಡುವೆ ಮೆತ್ತನೆಯ ಗುಪ್ಪೆಗಳು, ಅಲ್ಲಲ್ಲಿ ಗಟ್ಟಿ ತಳ. ಫ್ರೀರೈಡ್ ಬೋರ್ಡ್‌ನ ನಿಜವಾದ ಬೆಲೆ ನನಗೆ ಗೊತ್ತಾದದ್ದು ಇಂಥ ನೆಲದಲ್ಲಿ. ಬಿಗುವಾದ ಮೂತಿ ಗುಪ್ಪೆಗಳನ್ನು ಸೀಳಿಕೊಂಡು ಹೋಗುತ್ತದೆ. ಆಳದ ಹಿಮಕ್ಕೆಂದೇ ಮಾಡಿದ ಗಿಡ್ಡ, ಅಗಲದ ಬೋರ್ಡ್‌ಗಳು ಬೆಳಗ್ಗೆ ಚೆನ್ನಾಗಿ ತೇಲಿದರೂ ಮಧ್ಯಾಹ್ನ ಇಲ್ಲಿ ಮೂತಿ ಬಡಿದುಕೊಳ್ಳುತ್ತವೆ. ಇಲ್ಲಿ ಹಿಂಜರಿದರೆ ತೊಂದರೆ. ತುಸು ವೇಗ ಇಟ್ಟುಕೊಂಡು, ದೊಡ್ಡ ಕಮಾನಿನ ತಿರುವು ಹಾಕಿ, ಕಾಲುಗಳನ್ನು ಎತ್ತಿನಗಾಡಿಯ ಕೀಲಿನಂತೆ ಆಡಲು ಬಿಟ್ಟರೆ ಬೋರ್ಡ್ ತಾನೇ ದಾರಿ ಮಾಡಿಕೊಳ್ಳುತ್ತದೆ.

ಸ್ಕೀ ಹಾಕಿದವರು ಒಂದೇ ಜಾಗದಲ್ಲಿ ತಿರುಗಿ ತಿರುಗಿ ಎಬ್ಬಿಸಿದ ದಿಬ್ಬಗಳ ಸಾಲಿನಲ್ಲಿ ಮಾತ್ರ ಈ ಬೋರ್ಡ್ ಸೋಲುತ್ತದೆ. ಉದ್ದ, ಬಿಗುವು ಎರಡೂ ಅಲ್ಲಿ ಹೊರೆ. ಪಕ್ಕಕ್ಕೆ ಸರಿದುಹೋಗಿ.

ಗೊಂಡೊಲಾದ ಮೊದಲ ಹಂತ ಮುಗಿಯುವ ಕೊಂಗ್ಡೂರಿಯಿಂದ ಕೆಳಗೆ ಯಂತ್ರ ಓಡಿಸಿ ಹದಗೊಳಿಸಿದ ಹಾದಿಗಳಿವೆ. ಅಲ್ಲಿ ವೇಗವಾಗಿ, ಅಗಲವಾದ ಕಮಾನುಗಳಲ್ಲಿ ಹೋದರೆ ಈ ಬೋರ್ಡ್ ಗಂಭೀರ ಸಂತೋಷ ಕೊಡುತ್ತದೆ. ನಿಧಾನವಾಗಿ ಹೋಗುವವರಿಗೆ ಇದು ಮರದ ತೊಲೆಯಂತೆ ಜಡ ಅನಿಸುತ್ತದೆ. ಹಿಂದು ಮುಂದಾಗಿ, ಬಾಲ ಮುಂದಿಟ್ಟು ಹೋಗುವ ಆಟಕ್ಕೆ ಇದು ಒಗ್ಗುವುದಿಲ್ಲ. ಕಲಿಕೆಯ ಮೊದಲ ದಿನಗಳಿಗಂತೂ ಬೇಡವೇ ಬೇಡ.

ಕಾಡಿನೊಳಗೆ

ಹಿಮ ಬಿದ್ದು ಮೂರು ನಾಲ್ಕು ದಿನವಾಗಿ ಮೇಲಿನ ಬಯಲೆಲ್ಲ ಹಾಳಾದ ಮೇಲೂ ಕಾಡಿನ ನೆರಳಿನಲ್ಲಿ ಒಳ್ಳೆಯ ಹಿಮ ಉಳಿದಿರುತ್ತದೆ. ಬಿಸಿಲು ತಾಗುವುದಿಲ್ಲ, ಗಾಳಿ ತಾಗುವುದಿಲ್ಲ. ಬಾಬಾ ರೇಷಿ, ದ್ರಂಗ್, ಟಂಗ್‌ಮಾರ್ಗ್ ಕಡೆಗೆ ಇಳಿಯುವ ಮರಗಳ ನಡುವಿನ ದಾರಿಗಳಿಗಾಗಿಯೇ ದೂರದ ದೇಶಗಳಿಂದ ಜನ ಬರುತ್ತಾರೆ. ಕೆಳಗೆ ರಸ್ತೆ ಸಿಕ್ಕಿದ ಮೇಲೆ ಜೀಪಿನಲ್ಲಿ ಕೂತು ಮತ್ತೆ ಗುಲ್ಮಾರ್ಗ್ ಸೇರಬಹುದು.

ಮರಗಳ ನಡುವೆ ತಿರುವುಗಳು ಗಿಡ್ಡವಾಗಿರಬೇಕು, ಥಟ್ಟನೆ ಬರಬೇಕು. ಉದ್ದವಾದ ಬಿಗು ಬೋರ್ಡ್‌ಗೆ ಇದು ಕಷ್ಟ. ಆದರೆ ಏಣಿನ ಗಟ್ಟಿ ಹಿಮದಲ್ಲಿ ದೋಷವಾಗಿದ್ದ ಕಿರಿದಾದ ಬಾಲ ಇಲ್ಲಿ ಗುಣವಾಗುತ್ತದೆ: ಹಿಂಗಾಲಿನಿಂದ ತಳ್ಳಿದ ಕೂಡಲೇ ಬಾಲ ಹಿಮದಿಂದ ಬಿಡಿಸಿಕೊಂಡು ತಿರುಗುತ್ತದೆ. ಕಾಡನ್ನೇ ಹೆಚ್ಚು ಇಷ್ಟಪಡುವವರು ತಮ್ಮ ತೂಕಕ್ಕೆ ಹೇಳಿದ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಗಿಡ್ಡದ್ದನ್ನು ಆರಿಸಿದರೆ ನಷ್ಟವಿಲ್ಲ. ಕಣ್ಣು ಮರದ ಮೇಲಿರಬಾರದು, ಮರಗಳ ನಡುವಿನ ಸಂದಿಯ ಮೇಲಿರಬೇಕು. ಕಣ್ಣು ಹೋದ ಕಡೆ ಬೋರ್ಡ್ ಹೋಗುತ್ತದೆ.

ಕಾಡಿನಲ್ಲಿ ಬಹುಜನ ತಿಳಿಯದ ಅಪಾಯವೊಂದಿದೆ. ಕೆಳಗಿನ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಬುಡದ ಸುತ್ತ ಸಡಿಲ ಹಿಮದ ಗುಂಡಿ ಉಳಿಯುತ್ತದೆ. ಮೇಲಿನಿಂದ ಅದು ಕಾಣುವುದಿಲ್ಲ. ತಲೆ ಕೆಳಗಾಗಿ ಅದರೊಳಗೆ ಬಿದ್ದವರು ಎರಡೂ ಕಾಲು ಬೋರ್ಡ್‌ಗೆ ಬಿಗಿದಿರುವಾಗ ತಾವಾಗಿ ಹೊರಬರುವುದು ತೀರಾ ಕಷ್ಟ, ಉಸಿರು ಕಟ್ಟುತ್ತದೆ. ಬುಡದಿಂದ ದೂರ ಇರಿ. ಒಬ್ಬರೇ ಕಾಡಿಗೆ ಇಳಿಯಬೇಡಿ. ಜೊತೆಗಾರರು ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರವಿರಲಿ. ಮುಂದೆ ಹೋದವರು ಪ್ರತಿ ನೂರು ಮೀಟರ್‌ಗೆ ನಿಂತು ಹಿಂದಿನವರನ್ನು ಎಣಿಸಿಕೊಳ್ಳುವ ಪದ್ಧತಿ ನಮ್ಮ ತಂಡದ್ದು.

ನೀರು ಕುಡಿದ ಹಿಮ, ಹಪ್ಪಳದ ಹಿಮ, ಹರಳು ಹಿಮ

ಕೆಳಗೆ ಬಂದಂತೆ ಹಿಮ ಭಾರವಾಗುತ್ತದೆ. ಬೋರ್ಡ್‌ನ ತಳ ಹಾಗೂ ಹಿಮದ ನಡುವೆ ನೀರಿನ ಪದರ ಕೂತು ಹೀರಿ ಹಿಡಿದಂತಾಗುತ್ತದೆ. ಹೋಗುತ್ತಾ ಹೋಗುತ್ತಾ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಅನುಭವ. ಇದಕ್ಕೆ ಬೋರ್ಡ್‌ನ ಆಕಾರಕ್ಕಿಂತ ಮೇಣ ಮುಖ್ಯ. ಮೇಣದ ಪೊಟ್ಟಣದ ಮೇಲೆ ಯಾವ ಉಷ್ಣತೆಗೆ ಎಂದು ಬರೆದಿರುತ್ತದೆ: ಕಡು ಚಳಿಗೆ ಗಟ್ಟಿ ಮೇಣ, ಬೆಚ್ಚನೆಯ ದಿನಕ್ಕೆ ಮೆತ್ತನೆಯದು. ಮೇಲೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ, ತಪ್ಪಲಿನಲ್ಲಿ ಸೊನ್ನೆಯ ಆಸುಪಾಸು ಇರುವ ದಿನ ನಡುವಣ ಮೇಣವೇ ವಾಸಿ. ಸಮತಟ್ಟು ಜಾಗ ಬರುವ ಮೊದಲೇ ವೇಗ ಕೂಡಿಸಿಕೊಳ್ಳಿ. ಸ್ಕೀಯವರ ಕೈಯಲ್ಲಿ ಕೋಲಿರುತ್ತದೆ, ನಮಗಿಲ್ಲ. ಮಡಚುವ ಕೋಲು ಒಂದು ಜೊತೆ ಬ್ಯಾಗಿಗೆ ಕಟ್ಟಿಕೊಂಡು ಹೋದವರು ಪಶ್ಚಾತ್ತಾಪ ಪಟ್ಟದ್ದನ್ನು ನಾನು ಕಂಡಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹಪ್ಪಳದ ಹಿಮ. ಹಗಲು ಬಿಸಿಲಿಗೆ ಮೇಲ್ಮೈ ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ, ಕೆಳಗೆ ಮೆತ್ತಗೇ ಇರುತ್ತದೆ. ಬೋರ್ಡ್‌ನ ಭಾರಕ್ಕೆ ಆ ಪದರ ಒಮ್ಮೆ ತಾಳುತ್ತದೆ, ಒಮ್ಮೆ ಒಡೆಯುತ್ತದೆ. ಒಡೆದ ಕಡೆ ಅಂಚು ಸಿಕ್ಕಿಬೀಳುತ್ತದೆ. ನಾನು ಅಲ್ಲಿ ಒಮ್ಮೆ ಮಣಿಕಟ್ಟು ಉಳುಕಿಸಿಕೊಂಡದ್ದು ಇಂಥ ಹಿಮದಲ್ಲಿ, ಬೇಗ ಮುಗಿಸುವ ಅವಸರದಲ್ಲಿ ಚೂಪಾಗಿ ತಿರುಗಲು ಹೋಗಿ. ಮೇಲೆದ್ದ ಮೂತಿ ಇಲ್ಲಿ ಸ್ವಲ್ಪ ಕಾಪಾಡುತ್ತದೆ, ಒಡೆದ ಹಪ್ಪಳದ ಅಂಚನ್ನು ಹತ್ತಿ ದಾಟುತ್ತದೆ. ಉಳಿದದ್ದು ಸವಾರನ ಕೆಲಸ: ಅಂಚಿಗೆ ಕಡಿಮೆ ಓರೆ, ಎರಡೂ ಕಾಲಿಗೆ ಸಮಭಾರ, ತಿರುಗುವಾಗ ಸಣ್ಣ ಜಿಗಿತ. ಆಗದಿದ್ದರೆ ಜಾರುತ್ತಾ ಇಳಿಯುವುದರಲ್ಲಿ ನಾಚಿಕೆಯಿಲ್ಲ.

ಮಾರ್ಚ್‌ನಲ್ಲಿ ಅದೇ ಕರಗು–ಹೆಪ್ಪುಗಳ ಆಟ ಹಲವು ದಿನ ನಡೆದು ಹಿಮ ಹರಳುಪ್ಪಿನಂತಾಗುತ್ತದೆ. ಇದು ಪುಡಿಹಿಮದಷ್ಟೇ ಸುಖದ ನೆಲ. ಆದರೆ ಗಳಿಗೆ ನೋಡಬೇಕು. ಬೆಳಗ್ಗೆ ಬೇಗ ಹೋದರೆ ಕಲ್ಲು, ತಡವಾದರೆ ಗಂಜಿ. ಮೊದಲು ಪೂರ್ವಕ್ಕೆ ಮುಖ ಮಾಡಿದ ಇಳಿಜಾರು, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು ಎಂದು ಬಿಸಿಲಿನ ಬೆನ್ನಿಗೆ ಹೋದರೆ ಎರಡು ಮೂರು ಗಂಟೆ ಹಬ್ಬ. ಬೋರ್ಡ್ ಕಾಲು ಗೇಣು ಆಳಕ್ಕೆ ಇಳಿಯತೊಡಗಿತೆಂದರೆ ನಿಲ್ಲಿಸಬೇಕು. ನೀರು ಕುಡಿದ ಇಳಿಜಾರು ಕುಸಿಯುವ ಹೊತ್ತು ಅದು.

ಕೊಳ್ಳುವ ಮುನ್ನ, ಹೊರಡುವ ಮುನ್ನ

ಸಾಮಾನ್ಯ ಬೋರ್ಡ್‌ನಲ್ಲಿ ಕಡಿದಾದ ಹಾದಿಯನ್ನು ಎರಡೂ ಅಂಚಿನಲ್ಲಿ ಧೈರ್ಯವಾಗಿ ಇಳಿಯಲು ಬಂದ ಮೇಲೆ ಫ್ರೀರೈಡ್ ಬೋರ್ಡ್ ಬಗ್ಗೆ ಯೋಚಿಸಿ. 70ರಿಂದ 75 ಕಿಲೊ ತೂಕದವರಿಗೆ ಸಾಮಾನ್ಯವಾಗಿ 156ರಿಂದ 160 ಸೆಂಟಿಮೀಟರ್ ಸರಿ. ಆಳದ ಹಿಮಕ್ಕೆಂದು ಬೆನ್ನಿಗೆ ಏಳೆಂಟು ಕಿಲೊ ಸಾಮಾನು ಹೊರುತ್ತೀರಿ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಾದ ದೊಡ್ಡದಾದರೆ ಅಗಲದ ಬೋರ್ಡ್ ಬೇಕು, ಇಲ್ಲವಾದರೆ ತಿರುಗುವಾಗ ಬೂಟಿನ ತುದಿ ಹಿಮಕ್ಕೆ ಉಜ್ಜುತ್ತದೆ. ಬಿಗು ಬೋರ್ಡ್‌ಗೆ ಮೆದು ಬೂಟು ಜೊತೆಯಾಗುವುದಿಲ್ಲ. ನನ್ನ ಮುಂಗಾಲಿನ ಬೈಂಡಿಂಗ್ 18 ಡಿಗ್ರಿ, ಹಿಂಗಾಲಿನದು 3 ಡಿಗ್ರಿ, ಎರಡೂ ಮುಂದಕ್ಕೆ. ಇದೇ ಸರಿ ಎಂದೇನಿಲ್ಲ. ಮಂಡಿಗೆ ನೋವಿಲ್ಲದ ಕೋನವೇ ನಿಮ್ಮ ಕೋನ. ಬೈಂಡಿಂಗ್ ಸ್ಕ್ರೂಗಳನ್ನು ಪ್ರತಿದಿನ ಬೆಳಗ್ಗೆ ಬಿಗಿದು ನೋಡಿ. ಗುಲ್ಮಾರ್ಗ್‌ನಲ್ಲಿ ಬೋರ್ಡ್‌ಗಳು ಬಾಡಿಗೆಗೆ ಸಿಗುತ್ತವೆ. ಮೊದಲ ಸಲ ಬಾಡಿಗೆಯದ್ದೇ ಸಾಕು, ಆದರೆ ಅಂಚಿಗೆ ಉಗುರು ಉಜ್ಜಿ ಹರಿತ ನೋಡಿ, ತಳದಲ್ಲಿ ಆಳದ ಗೀರುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿಯೇ ತನ್ನಿ.

ಬೆಂಗಳೂರಿನಿಂದ ಹೋಗುವವರಿಗೆ ಇನ್ನೊಂದು ಮಾತು. ಬೆಂಗಳೂರು ಸುಮಾರು 920 ಮೀಟರ್, ಗುಲ್ಮಾರ್ಗ್ ಸುಮಾರು 2,650. ಇಳಿದ ದಿನವೇ 3,950ಕ್ಕೆ ಹತ್ತಿದರೆ ತಲೆನೋವು, ವಾಕರಿಕೆ ಕಾಡುತ್ತವೆ. ಒಂದೆರಡು ದಿನ ಕೆಳಗಿನ ಇಳಿಜಾರುಗಳಲ್ಲಿ ಕಳೆಯಿರಿ, ನೀರು ಹೆಚ್ಚು ಕುಡಿಯಿರಿ. ಟಿಕೆಟ್ ತೆಗೆಯುವಾಗ ದಿನ ಬದಲಿಸುವ ಅವಕಾಶ ಇಟ್ಟುಕೊಳ್ಳಿ: 2024ರ ಜನವರಿ ಬಹುಪಾಲು ಗುಲ್ಮಾರ್ಗ್ ಹಿಮವಿಲ್ಲದೆ ಕಂದು ಹುಲ್ಲಿನ ಬಯಲಾಗಿತ್ತು, ತಿಂಗಳ ಕೊನೆಗಷ್ಟೇ ಬಿತ್ತು. ನನ್ನ ಪಾಲಿಗೆ ಜನವರಿ ಮೂರನೇ ವಾರದಿಂದ ಫೆಬ್ರುವರಿ ಕೊನೆಯವರೆಗಿನ ಅವಧಿ ವಾಸಿ.

ಬೆಟ್ಟ ಜಾರುವುದು

ಬೋರ್ಡ್‌ನ ಗುಣಗಳ ಬಗ್ಗೆ ಇಷ್ಟು ಬರೆದ ಮೇಲೆ, ಯಾವ ಬೋರ್ಡೂ ಉಳಿಸಲಾಗದ ಸಂಗತಿಯನ್ನು ಹೇಳದೆ ನಿಲ್ಲಿಸಲಾರೆ. ಹಿಮಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಫ್ರೀರೈಡ್ ಬೋರ್ಡ್‌ಗೆ ಅತಿ ಇಷ್ಟವಾದ ಇಳಿಜಾರೂ ಅದೇ. 2010ರ ಫೆಬ್ರುವರಿಯಲ್ಲಿ ಗುಲ್ಮಾರ್ಗ್ ಬಳಿಯ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತಕ್ಕೆ ಬಲಿಯಾದರು. 2023ರ ಫೆಬ್ರುವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡ್‌ನ ಇಬ್ಬರು ಸ್ಕೀಗರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ಸತ್ತರು. ಫ್ರೀರೈಡ್ ಎಂಬ ಮಾತಿಗೆ ಮಾನ ತಂದುಕೊಟ್ಟ, ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆಗಿ ಸ್ಪರ್ಧೆ ಬಿಟ್ಟು ಬೆಟ್ಟಕ್ಕೆ ಹೋದ ಕ್ರೇಗ್ ಕೆಲ್ಲಿ 2003ರ ಜನವರಿ 20ರಂದು ಕೆನಡಾದ ರೆವೆಲ್‌ಸ್ಟೋಕ್ ಬಳಿಯ ಹಿಮಕುಸಿತದಲ್ಲಿ ತೀರಿಕೊಂಡರು, ಜೊತೆಗೆ ಇನ್ನೂ ಆರು ಮಂದಿ. ಆಗ ಅವರು ಪರ್ವತ ಗೈಡ್ ಆಗಲು ತರಬೇತಿ ಪಡೆಯುತ್ತಿದ್ದರು. ಅನುಭವವಿದ್ದವರನ್ನು ಬೆಟ್ಟ ಬೇರೆಯಾಗಿ ನೋಡುವುದಿಲ್ಲ.

ಗುಲ್ಮಾರ್ಗ್‌ನಲ್ಲಿ ಸ್ಕೀ ಪ್ಯಾಟ್ರೋಲ್ ತಂಡ ಕಾವಲು ಕಾಯುವುದು ಗೊಂಡೊಲಾ ಸುತ್ತಲಿನ ಮುಖ್ಯ ಜಾಗವನ್ನು ಮಾತ್ರ. ಅದರ ಗಡಿ ದಾಟಿದರೆ ಹೊಣೆ ನಿಮ್ಮದು. ದೊಡ್ಡ ಹಿಮಪಾತ ನಿಂತ ಮರುದಿನವೇ ಎಲ್ಲರಿಗೂ ಇಳಿಯುವ ಆಸೆ. ಅಪಾಯವೂ ಆಗಲೇ ಹೆಚ್ಚು. ಗಾಳಿ ತಂದು ಸುರಿದ ಮಗ್ಗುಲಿನಲ್ಲಿ ಕಾಲಿಟ್ಟಾಗ ಒಳಗಿನಿಂದ ‘ಧುಂ’ ಎಂದು ಸದ್ದು ಬಂದರೆ, ಬೋರ್ಡ್‌ನ ಮುಂದೆ ಗಾಜು ಸೀಳಿದಂತೆ ಬಿರುಕು ಓಡಿದರೆ, ಬಂದ ದಾರಿಯಲ್ಲೇ ಹಿಂತಿರುಗಿ. ಸ್ಥಳೀಯ ಗೈಡ್‌ಗಳು ಬೇಡ ಎಂದ ಕಡೆ ಹೋಗಬೇಡಿ. ಆ ಬೆಟ್ಟ ಯಾವ ಗಾಳಿಗೆ ಎಲ್ಲಿ ಜಾರುತ್ತದೆಂದು ಅವರು ಚಿಕ್ಕಂದಿನಿಂದ ನೋಡಿದ್ದಾರೆ.

ಹಿಮದಡಿ ಹೂತವರನ್ನು ಉಳಿಸಲು ಸಿಗುವುದು ಮೊದಲ ಹತ್ತು ಹದಿನೈದು ನಿಮಿಷ. ಅಷ್ಟರೊಳಗೆ ಹೊರಗಿನ ನೆರವು ಬರುವುದಿಲ್ಲ, ಪಕ್ಕದಲ್ಲಿರುವ ಗೆಳೆಯರೇ ಅಗೆದು ತೆಗೆಯಬೇಕು. ಅದಕ್ಕೆ ಮೂರು ವಸ್ತು ಬೇಕು: ಮೈಗೆ ಕಟ್ಟಿಕೊಂಡು ಸಂಕೇತ ಕಳಿಸುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಪ್ರೋಬ್, ಲೋಹದ ಸಲಿಕೆ. ಹೊಸ ಬೋರ್ಡ್‌ಗೆಂದು ಹಣ ಕೂಡಿಸಿಟ್ಟಿರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಆ ಹಣದಲ್ಲಿ ಮೊದಲು ಈ ಮೂರನ್ನು ಕೊಳ್ಳಿ, ಬೋರ್ಡ್ ಬಾಡಿಗೆಗೆ ತನ್ನಿ. ಗುಲ್ಮಾರ್ಗ್ ತಲುಪಿದ ಮೊದಲ ಬೆಳಗ್ಗೆ ಗೊಂಡೊಲಾ ಸಾಲಿನಲ್ಲಿ ನಿಲ್ಲುವ ಮುನ್ನ, ನಿಮ್ಮ ತಂಡದವರೆಲ್ಲ ಹೋಟೆಲ್ ಹಿಂದಿನ ಹಿಮದಲ್ಲಿ ಒಂದು ಟ್ರಾನ್ಸೀವರ್ ಹೂತು, ಅದನ್ನು ಐದು ನಿಮಿಷದೊಳಗೆ ಹುಡುಕಿ ಅಗೆದು ತೆಗೆಯಲು ಬರುವವರೆಗೆ ಅಭ್ಯಾಸ ಮಾಡಿ.